ಹತ್ತನೇ ಪಾಸ್ ಮಹಾಮಾಯಾ

ಓದು ಕಡಿಮೆಯಾಯಿತೆಂದು ಕೆಲಸ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಓದು ಹೆಚ್ಚಾಯಿತೆಂದು ಕಳೆದುಕೊಂಡವರನ್ನು ನೋಡಬೇಕಾದರೆ ಬೀದರಿನ ಅಂಚಿನ ಕೊಳಾರಕ್ಕೆ ಹೋಗಬೇಕು. ಅಲ್ಲಿನ ಒಂದು ಗುಳಿಗೆ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಿಂದ ಮಾರ್ಚ್ ತಿಂಗಳಲ್ಲಿ ಏಂಜೆಲ ಎಂಬ ಹುಡುಗಿಯನ್ನು ಚಹಾದ ಹೊತ್ತಿಗೆ ಮನೆಗೆ ಕಳಿಸಿದರು. ಅವಳು ಮಾಡಿದ ತಪ್ಪೆಂದರೆ ಬಿ.ಕಾಂ. ಪಾಸಾದದ್ದು.

ಆ ವಿಭಾಗಕ್ಕೆ ಹತ್ತನೇ ಪಾಸಾದವರು ಮಾತ್ರ ಬೇಕು. ಡಿಗ್ರಿ ಮಾಡಿದವರು ನಿಲ್ಲುವುದಿಲ್ಲ, ನಿಂತರೂ ಸುಮ್ಮನಿರುವುದಿಲ್ಲ, ಕಾಯ್ದೆ ಮಾತಾಡುತ್ತಾರೆ ಎಂಬುದು ಮೇಲಿನವರ ಅಭಿಪ್ರಾಯ. ಅದಕ್ಕಾಗಿ ಸೇರುವಾಗಲೇ ‘ಹತ್ತನೇ ತರಗತಿಯ ಮುಂದೆ ಓದಿರುವುದಿಲ್ಲ’ ಎಂದು ಬರೆಸಿಕೊಂಡು ಸಹಿ ಹಾಕಿಸುತ್ತಾರೆ. ಏಂಜೆಲಳೂ ಬರೆದುಕೊಟ್ಟಿದ್ದಳು. ಆದರೆ ಅವಳ ಹುಟ್ಟುಹಬ್ಬಕ್ಕೆ ಅಕ್ಕರೆಯಿಂದ ಅವಳ ತಮ್ಮ ಕಪ್ಪು ಗೌನಿನ ಹಳೇ ಫೋಟೊ ಒಂದನ್ನು ವಾಟ್ಸಾಪಿಗೆ ಹಾಕಿದ. ಅದು ಅವರಿವರ ಕೈ ದಾಟಿ ಸೂಪರ್‌ವೈಸರ್ ರಶೀದ ಅಹ್ಮದರ ಫೋನಿಗೆ ಬಂದು ಬಿತ್ತು. ರಶೀದ ಸಾಬರು ಬೈಯಲಿಲ್ಲ, ಕೂಗಾಡಲಿಲ್ಲ. ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಎರಡು ಸಲ ಹೇಳಿ, ಗೇಟಿನ ತನಕ ತಾವೇ ಹೋಗಿ ಬಿಟ್ಟುಬಂದರು.

ಅವಳ ಪಕ್ಕದ ಸ್ಟೂಲಿನಲ್ಲಿ ಕೂತು ಮಹಾಮಾಯಾ ಇದನ್ನೆಲ್ಲ ನೋಡಿದಳು. ಡಬ್ಬಿಯೊಳಗೆ ಹತ್ತು ಗುಳಿಗೆ ಪಟ್ಟಿ, ಮಡಿಸಿದ ಒಂದು ಚೀಟಿ, ಮುಚ್ಚಳ. ಮತ್ತೆ ಹತ್ತು ಪಟ್ಟಿ, ಒಂದು ಚೀಟಿ, ಮುಚ್ಚಳ. ಅವಳ ಕೈ ನಿಲ್ಲಲಿಲ್ಲ. ಆ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ರಾಸಾಯನಿಕದ ಹೆಸರನ್ನು ತಡವರಿಸದೆ ಓದಿ, ಅದರ ರಚನೆಯನ್ನು ಹಾಳೆಯ ಮೇಲೆ ಬರೆದು ತೋರಿಸಬಲ್ಲವಳು ಆ ಮೇಜಿನಲ್ಲಿ ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು. ಏಂಜೆಲ ಹೋದ ಮೇಲೆ ಅದೂ ಖಾತ್ರಿಯಿಲ್ಲದಾಯಿತು. ಇನ್ನುಳಿದ ಹನ್ನೊಂದು ಮಂದಿಯಲ್ಲಿ ಯಾರ್‍ಯಾರು ಏನೇನು ಓದಿ ಬಾಯಿ ಮುಚ್ಚಿಕೊಂಡು ಕೂತಿದ್ದಾರೋ ಯಾರಿಗೆ ಗೊತ್ತು.

ಮಹಾಮಾಯಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಔರಾದ ತಾಲೂಕಿನ ಸಂತಪುರದ ಭೀಮನಗರ ಓಣಿಯಿಂದ ಅಷ್ಟು ಓದಿದ ಮೊದಲ ಹುಡುಗಿ. ಓದು ಮುಗಿದ ಮೇಲೆ ಭಾಲ್ಕಿಯ ಒಂದು ಖಾಸಗಿ ಕಾಲೇಜಿನಲ್ಲಿ ವರ್ಷ ತುಂಬ ಪಾಠ ಮಾಡಿದಳು. ಮಕ್ಕಳು ಸಾಲುತ್ತಿಲ್ಲವೆಂದು ಅಲ್ಲಿ ವಿಜ್ಞಾನವನ್ನೇ ಮುಚ್ಚಿದರು. ಆಮೇಲೆ ಲ್ಯಾಬ್ ಕೆಲಸಕ್ಕೆಂದು ಎಷ್ಟು ಕಂಪನಿಗಳ ಮೆಟ್ಟಿಲು ಹತ್ತಿ ಇಳಿದಳೋ ಅವಳ ಚಪ್ಪಲಿಗೇ ಗೊತ್ತು. ಎಲ್ಲ ಕಡೆ ಒಂದೇ ಪ್ರಶ್ನೆ, ಅನುಭವ ಎಷ್ಟು? ಕೆಲಸ ಕೊಟ್ಟರೆ ತಾನೆ ಅನುಭವ? ನೀರಿಗಿಳಿಯದೆ ಈಜು ಕಲಿತು ಬಾ ಅಂದಂತಾಯಿತು. ಎರಡು ವರ್ಷ ಕಳೆಯಿತು. ಉದಗೀರದ ಕಡೆಯಿಂದ ಮದುವೆಯ ಸೋಯರಿಕೆಯೊಂದು ಬಂದು ಮನೆಯ ಕಟ್ಟೆಯ ಮೇಲೆ ಕೂತಿತು. ಕೆಲಸ ಇದ್ದರೆ ಕಾಯುತ್ತೇವೆ, ಇಲ್ಲದಿದ್ದರೆ ಇನ್ನೆಷ್ಟು ದಿನ ಎಂದು ತಾಯಿ ಶೇವಂತಾಬಾಯಿ ಕೇಳತೊಡಗಿದಳು.

ಆಗ ಮಹಾಮಾಯಾ ಕೊಳಾರಕ್ಕೆ ಹೋಗಿ ಹತ್ತನೇ ಪಾಸಾದಳು. ಮಾರ್ಕ್ಸ್‌ಕಾರ್ಡ್ ಖರೆಯದೇ, ಅದರ ಮೇಲಿನ ಏಳು ವರ್ಷದ ಓದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು ಅಷ್ಟೆ. ಈ ಕೆಲಸದಿಂದ ಬೀದರಿನಲ್ಲಿ ಒಂದು ಬಾಡಿಗೆ ಕೋಣೆ ನಿಂತಿತ್ತು, ಸಂಜೆ ಹೊತ್ತು ಗ್ರಂಥಾಲಯ ಸಿಗುತ್ತಿತ್ತು, ಜೂನ್ ತಿಂಗಳ ಸರ್ಕಾರಿ ಉಪನ್ಯಾಸಕರ ಪರೀಕ್ಷೆಯ ತನಕ ಉಸಿರಾಡಲು ಎಡೆ ಇತ್ತು. ಕೆಲಸ ಹೋದರೆ ಸಂತಪುರ, ಸಂತಪುರಕ್ಕೆ ಹೋದರೆ ಉದಗೀರ. ಅವಳ ಮುಂದಿದ್ದ ದಾರಿ ಇಷ್ಟೇ.

ಮನೆಗೆ ಫೋನು ಮಾಡಿ ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದಳು. ತಂದೆ ಮಚ್ಛೇಂದ್ರ ಉಬ್ಬಿಹೋಗಿ, ಕೆಮಿಸ್ಟ್ ಆಗಿಯೇನು ಎಂದು ಕೇಳಿದ. ಆ ಪದವನ್ನು ಅವನು ಯಾವಾಗ ಕಲಿತಿಟ್ಟುಕೊಂಡಿದ್ದನೋ. ಮಹಾಮಾಯಾ ಹ್ಞೂಂ ಅಂದುಬಿಟ್ಟಳು. ಅವತ್ತಿನಿಂದ ಅವಳು ಕೊಳಾರದಲ್ಲಿ ಹತ್ತನೇ ಪಾಸ್, ಸಂತಪುರದಲ್ಲಿ ಕೆಮಿಸ್ಟ್. ನಿಜವಾಗಿ ಏನಾಗಿದ್ದಳೋ ಅದು ಮಾತ್ರ ಎಲ್ಲಿಯೂ ಆಗಲಿಲ್ಲ.

ಏಂಜೆಲ ಹೋದ ಮರುವಾರವೇ ಮಚ್ಛೇಂದ್ರನ ಫೋನು ಬಂತು. ಏಪ್ರಿಲ್ ಹದಿನಾಲ್ಕರ ಜಯಂತಿಗೆ ಓಣಿಯಲ್ಲಿ ಪ್ರತಿ ವರ್ಷ ದೊಡ್ಡ ಫ್ಲೆಕ್ಸ್ ಮಾಡಿಸುತ್ತಾರೆ. ಮೇಲೆ ಬಾಬಾಸಾಹೇಬರು, ಕೆಳಗೆ ಆ ವರ್ಷ ಡಿಗ್ರಿ ಮುಗಿಸಿದ, ನೌಕರಿ ಹಿಡಿದ ಮಕ್ಕಳ ಫೋಟೊ, ಹೆಸರು, ಓದು. ಸಂಜೆ ಅವರಿಗೆ ಶಾಲು ಹೊದಿಸಿ ಸತ್ಕಾರ. ಮಚ್ಛೇಂದ್ರ ಗೌಂಡಿ ಕೆಲಸದವನಾದ್ದರಿಂದ ಬಿದಿರು ನೆಟ್ಟು ಫ್ಲೆಕ್ಸ್ ಕಟ್ಟುವುದು ಹದಿನೈದು ವರ್ಷದಿಂದ ಅವನದೇ ಜವಾಬ್ದಾರಿ. ಮಗಳು ಓದು ಮುಗಿಸಿದ ವರ್ಷ, ಪಕ್ಕಾ ನೌಕರಿ ಸಿಗಲಿ ಆಮೇಲೆ ಹಾಕಿಸೋಣ ಎಂದು ಅವನೇ ತಡೆದಿದ್ದ. ಹದಿನೈದು ವರ್ಷ ಮಂದಿಯ ಮಕ್ಕಳ ಮುಖ ಕಟ್ಟಿದ್ದಾಯಿತು, ಈ ಸಲ ತನ್ನ ಮಗಳ ಮುಖ ಎಂದು ಫೋನಿನಲ್ಲಿ ನಕ್ಕ. ‘ಎಂ.ಎಸ್ಸಿ., ಔಷಧ ಕಂಪನಿಯಲ್ಲಿ ಕೆಮಿಸ್ಟ್’ ಎಂದು ಹಾಕಿಸುವುದಾಗಿ ಕಮಿಟಿ ಅಧ್ಯಕ್ಷ ಸುಶೀಲಕುಮಾರ ಮಾಸ್ತರು ಹೇಳಿದ್ದರಂತೆ.

ಆ ಫ್ಲೆಕ್ಸ್ ನಿಲ್ಲುವುದು ಸಂತಪುರದ ಬಸ್ ನಿಲ್ದಾಣದೆದುರು, ಔರಾದ–ಬೀದರ ರಸ್ತೆಯ ಮೇಲೆ. ಬುದ್ಧ ಪೂರ್ಣಿಮೆ ಮುಗಿಯುವವರೆಗೆ ಅದನ್ನು ಇಳಿಸುವುದಿಲ್ಲ. ರಶೀದ ಸಾಬರ ಮನೆ ಔರಾದದಲ್ಲಿ. ದಿನಕ್ಕೆ ಎರಡು ಸಲ, ಬಸ್ಸಿನ ಕಿಟಕಿಯ ಪಕ್ಕ ಕೂತು, ಅವರು ಅದೇ ರಸ್ತೆಯಲ್ಲಿ ಓಡಾಡುತ್ತಾರೆ. ಮಹಾಮಾಯಾ ಆ ರಾತ್ರಿ ಊಟ ಮಾಡಲಿಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲ ಇದು. ವಾರದ ರಜೆಯ ದಿನ ಬೆಳಗಿನ ರೈಲಿಗೆ ಭಾಲ್ಕಿಗೆ ಹೋದಳು. ಮಚ್ಛೇಂದ್ರ ಅಲ್ಲಿ ಒಂದು ಹೊಸ ಕಾಲೇಜಿನ ಕಟ್ಟಡದಲ್ಲಿ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ. ಒಂದೇ ಊರಿನಲ್ಲಿ ಒಂದು ಕಾಲೇಜು ವಿಜ್ಞಾನ ಮುಚ್ಚುತ್ತದೆ, ಇನ್ನೊಂದು ವಿಜ್ಞಾನಕ್ಕೆ ಮೂರಂತಸ್ತು ಎಬ್ಬಿಸುತ್ತದೆ. ಇದರ ತರ್ಕ ಕಟ್ಟಿಸುವವರಿಗೆ ತಿಳಿದಿರಬೇಕು.

ಮಗಳನ್ನು ಕಂಡದ್ದೇ ಮಚ್ಛೇಂದ್ರ ಕರಣಿಯನ್ನು ತೊಳೆದಿಟ್ಟು ಬಂದ. ಬಂದವನು ಯಾಕೆ ಬಂದಿ ಎಂದು ಸಹ ಕೇಳದೆ ಅವಳನ್ನು ಎರಡನೇ ಅಂತಸ್ತಿಗೆ ಕರೆದೊಯ್ದ. ಅದು ರಸಾಯನಶಾಸ್ತ್ರದ ಲ್ಯಾಬ್ ಆಗುವ ಕೋಣೆ. ಉದ್ದನೆಯ ಕಲ್ಲಿನ ಮೇಜುಗಳು ಎದ್ದಿದ್ದವು, ತೊಟ್ಟಿಗಳು ಕೂತಿದ್ದವು. ಆ್ಯಸಿಡ್ ಹೋಗುವ ಪೈಪು ಯಾವುದು ಹಾಕಿದರೆ ತಡೆಯುತ್ತದೆ, ಹೊಗೆ ಹೋಗುವ ಕಿಂಡಿ ಇಷ್ಟು ಎತ್ತರ ಸಾಕೋ ಎಂದು ಒಂದೊಂದಾಗಿ ಕೇಳಿದ. ಮಹಾಮಾಯಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕಬ್ಬಿಣದ ಪೈಪು ಬೇಡ, ಮೂರು ತಿಂಗಳಲ್ಲಿ ತೂತು ಬೀಳುತ್ತದೆ. ಕಿಂಡಿ ಇನ್ನೂ ಒಂದು ಮೊಳ ಮೇಲಿರಲಿ. ಹಿಂದೆ ನಿಂತು ಕೇಳುತ್ತಿದ್ದ ಮೇಸ್ತ್ರಿ ಬಾಬುಮಿಯಾ ಜೇಬಿನಿಂದ ಚೀಟಿ ತೆಗೆದು ಅದನ್ನು ಬರೆದುಕೊಂಡ. ಮಚ್ಛೇಂದ್ರನ ಮುಖ ನೋಡುವ ಹಾಗಿತ್ತು. ಆ ಹೊತ್ತು, ಸುಣ್ಣ ಕಾಣದ ಆ ಕೋಣೆಯಲ್ಲಿ, ಮಹಾಮಾಯಾ ಎರಡು ವರ್ಷದಲ್ಲಿ ಮೊದಲ ಸಲ ತಾನು ಓದಿದ್ದನ್ನು ಒಂದು ಕೆಲಸಕ್ಕೆ ಬಳಸಿದ್ದಳು. ಅವಳಿಗೆ ಅಳು ಬಂತು.

ಬಾಬುಮಿಯಾ ಕೆಳಗಿಳಿದ ಮೇಲೆ ಹೇಳಿದಳು.

“ಅಪ್ಪಾ, ನಾ ಕೆಮಿಸ್ಟ್ ಇಲ್ಲ. ಡಬ್ಬಿಯಾಗ ಗುಳಿಗಿ ತುಂಬ್ತೇನಿ. ಹತ್ತನೇ ಪಾಸ್ ಅಂತ ಬರ್ಕೊಟ್ಟೀನಿ. ಇಲ್ದಿದ್ರ ತಗೋತಿದ್ದಿಲ್ಲ.”

ಕಲಸಿಟ್ಟ ಮಾಲು ಗಟ್ಟಿಯಾಗುತ್ತದೆ ಎಂದು ಹೇಳಿ ಮಚ್ಛೇಂದ್ರ ಕೆಳಗೆ ಹೋದ. ಅರ್ಧ ಗೋಡೆ ಗಿಲಾವು ಮಾಡಿ ಮುಗಿಸಿ, ಕೈ ತೊಳೆದು, ಮತ್ತೆ ಮೇಲೆ ಬಂದ. ಅಷ್ಟು ಹೊತ್ತೂ ಮಹಾಮಾಯಾ ಕಲ್ಲಿನ ಮೇಜಿಗೆ ಒರಗಿ ನಿಂತೇ ಇದ್ದಳು.

“ಯಾರರ ಜುಲ್ಮಿ ಮಾಡಿ ಬರಸಿದ್ರೇನು?” ಎಂದು ಕೇಳಿದ.

“ಇಲ್ಲ. ನಾನೇ ಬರ್ದೀನಿ.”

“ನಮ್ಮಪ್ಪ ಹೆಬ್ಬೆಟ್ಟು ಒತ್ತಾಂವ. ಕಾಗದದಾಗ ಏನು ಬರ್ದಾರ ಅಂತ ಅವಂಗ ಗೊತ್ತಾಗ್ತಿದ್ದಿಲ್ಲ. ಅದಕ್ಕ ನಿನಗ ಓದ್ಸೀನಿ. ನೀ ಓದಿ, ತಿಳ್ದು, ಸುಳ್ಳು ಬರ್ದಿ.”

ಈ ಮಾತು ಅವಳಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು. ಯಾಕೆಂದರೆ ಮಚ್ಛೇಂದ್ರ ಸುಳ್ಳು ಆಡುವ ಮನುಷ್ಯನಲ್ಲ. ಗೋಡೆ ಒಂದು ಬೆರಳು ವಾಲಿದರೆ ಮಾಲೀಕ ಬರುವ ಮೊದಲೇ ತಾನಾಗಿ ಹೇಳಿ ಕೆಡವುವವನು. ಓಣಿಯಲ್ಲಿ ಜಗಳ ಬಿದ್ದರೆ ಅವನ ಮಾತಿಗೆ ತೂಕವಿತ್ತು. ಅವಳು ತಲೆ ತಗ್ಗಿಸಿಕೊಂಡೇ ಏಂಜೆಲಳ ಕತೆ ಹೇಳಿದಳು, ಜೂನ್ ತಿಂಗಳ ಪರೀಕ್ಷೆ ಹೇಳಿದಳು, ಫ್ಲೆಕ್ಸಿನಲ್ಲಿ ತನ್ನ ಫೋಟೊ ಬೇಡ ಎಂದು ಬೇಡಿಕೊಂಡಳು. ಫ್ಲೆಕ್ಸ್ ಔರಾದದಲ್ಲಿ ಅಚ್ಚಾಗಿ ಬಂದೂ ಆಗಿತ್ತು. ಬೇಡವೆಂದರೆ ಕಮಿಟಿಗೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಅದು ಸಂಜೆಯೊಳಗೆ ಔರಾದ ಮುಟ್ಟುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗಾಯಿತು ಮಚ್ಛೇಂದ್ರನ ಸ್ಥಿತಿ. ಅವನು ಮಗಳನ್ನು ಸ್ಟೇಷನ್ ತನಕ ಬಿಟ್ಟು, ರೈಲು ಬರುವವರೆಗೂ ಪಕ್ಕದಲ್ಲಿ ನಿಂತ. ಜಯಂತಿಗೆ ಬಾ ಎಂದನೇ ಹೊರತು ಏನು ಮಾಡುತ್ತೇನೆಂದು ಹೇಳಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಮಹಾಮಾಯಾ ಬೀದರಿನಿಂದ ಬಸ್ ಹತ್ತಿದಳು. ದಾರಿಯುದ್ದಕ್ಕೂ ನೀಲಿ ಧ್ವಜ, ಹಲಗೆ ಸಪ್ಪಳ, ಬಿಳಿ ಸೀರೆಯುಟ್ಟ ಹೆಣ್ಣುಮಕ್ಕಳು. ಸಂತಪುರದಲ್ಲಿ ಇಳಿದು ತಲೆಯೆತ್ತಿ ನೋಡಿದಳು.

ಫ್ಲೆಕ್ಸ್ ನಿಂತಿತ್ತು. ಕೆಳಗೆ ಆರು ಜನರ ಸಾಲು. ಐದು ಮುಖಗಳು ನಗುತ್ತಿದ್ದವು. ಮೂರನೆಯದರ ಜಾಗದಲ್ಲಿ ಚೌಕಾಕಾರದ ತೂತು. ಫೋಟೊ, ಅದರ ಕೆಳಗಿನ ಹೆಸರು, ಓದು ಎಲ್ಲವನ್ನೂ ಸೇರಿಸಿ ಯಾರೋ ಅಳತೆ ಹಿಡಿದು ನೇರವಾಗಿ ಕೊಯ್ದಿದ್ದರು. ಅಂಚು ಒಂದು ಕೂದಲೆಳೆಯೂ ಸೊಟ್ಟ ಇರಲಿಲ್ಲ. ಅಷ್ಟು ನೇರ ಕೊಯ್ಯುವವರು ಸಂತಪುರದಲ್ಲಿ ಒಬ್ಬರೇ ಎಂದು ಅವಳಿಗೆ ಗೊತ್ತಿತ್ತು. ಅವಳು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು.

ಹಿಂದಿನ ರಾತ್ರಿ ಔರಾದದ ಕೊನೆಯ ಬಸ್ಸು ಹೋದ ಮೇಲೆ ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಮಚ್ಛೇಂದ್ರನೇ ಅದನ್ನು ಕಟ್ಟಿದ್ದನಂತೆ. ಮಗಳು ಗೆದ್ದಳು ಎಂದು ಮಂದಿ ಅವನ ಬಾಯಿಗೆ ಪೇಡೆ ಇಟ್ಟಿದ್ದರು. ಬೆಳಕು ಹರಿಯುವ ಹೊತ್ತಿಗೆ ನಿಚ್ಚಣಿಕೆ ಹಾಕಿ ಹತ್ತಿ ಕೊಯ್ದಿದ್ದ. ಹಾಲು ತರಲು ಹೊರಟವರು ನೋಡಿದರು. ಓಣಿಯ ಬಾಯಿಗೆ ಅಷ್ಟು ಸಾಕಾಯಿತು. ಮಗಳು ಯಾರ ಹಿಂದೆಯೋ ಹೋಗಿರಬೇಕು, ಬೀದರಿನಲ್ಲಿ ಒಬ್ಬಳೇ ಇದ್ದರೆ ಇನ್ನೇನಾಗುತ್ತದೆ ಎಂದು ನಳದ ಹತ್ತಿರ ತೀರ್ಮಾನವೂ ಆಯಿತು. ಕೇಳಿದವರಿಗೆಲ್ಲ ಮಚ್ಛೇಂದ್ರ ಒಂದೇ ಮಾತು ಹೇಳಿದ: ತಾನೇ ಕೊಯ್ದದ್ದು, ಮನೆಯ ಮಾತು. ಸುಶೀಲಕುಮಾರ ಮಾಸ್ತರು ಬಾಬಾಸಾಹೇಬರ ಫ್ಲೆಕ್ಸಿಗೆ ಕತ್ತಿ ಹಾಕಿದೆಯಲ್ಲ ಎಂದು ಎಲ್ಲರೆದುರು ರೇಗಿದಾಗಲೂ ಅವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡ.

ಇದನ್ನು ಮಹಾಮಾಯಾಗೆ ಹೇಳಿದವಳು ಶೇವಂತಾಬಾಯಿ, ಒಲೆಯ ಮುಂದೆ ಕೂತು, ಮಗಳ ಮುಖ ನೋಡದೆ. ಗಂಡ ಅವಳಿಗೆ ಎಲ್ಲವನ್ನೂ ತಿಳಿಸಿದ್ದ. ಉದಗೀರದ ಮಾತು ಅವಳು ಎತ್ತಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು.

“ಅಷ್ಟು ಓದಿದ್ದು ಮುಚ್ಚಿಡ್ಲಿಕ್ಕೇನವ್ವ?”

ಮಹಾಮಾಯಾ ತಾಯಿಯ ಪಕ್ಕದಲ್ಲಿ ಕೂತು ಹಿಟ್ಟಿಗೆ ಕೈ ಹಾಕಿದಳು.

ಸಂಜೆಯ ಸಭೆಗೆ ಹೋಗದೆ ಮನೆಯಲ್ಲೇ ಇರುತ್ತೇನೆಂದಳು. ಮಚ್ಛೇಂದ್ರ ಒಪ್ಪಲಿಲ್ಲ. ಮನೆಯಲ್ಲಿ ಕೂತರೆ ನಳದ ಹತ್ತಿರದ ಮಾತು ಖರೆಯಾಗುತ್ತದೆ, ತಾಯಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂಡು ಎಂದ. ಅವಳ ಹೆಸರನ್ನು ಸತ್ಕಾರದ ಪಟ್ಟಿಯಿಂದ ತೆಗೆಸಿದ್ದೂ ಆಗಿತ್ತು. ಹಾಗಾಗಿ ವಂದನೆ ಮುಗಿದು ಭಾಷಣ ಶುರುವಾಗುವಾಗ ಅವಳು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿದ್ದಳು. ಮಚ್ಛೇಂದ್ರ ಹಿಂದೆ, ಗಂಡಸರ ನಡುವೆ.

ಆದರೆ ಸುಶೀಲಕುಮಾರ ಮಾಸ್ತರಿಗೆ ಬೆಳಗಿನ ಸಿಟ್ಟು ಸಂಜೆಯೊಳಗೆ ಇಳಿದಿತ್ತು. ಹತ್ತನೇ ತರಗತಿಯ ತನಕ ಮಹಾಮಾಯಾಗೆ ಲೆಕ್ಕ ಹೇಳಿಕೊಟ್ಟವರು ಅವರೇ. ತಂದೆ ಮಗಳ ನಡುವೆ ಏನೋ ಮುನಿಸು, ಸಭೆಯಲ್ಲಿ ಶಾಲು ಹೊದಿಸಿದರೆ ತಾನಾಗಿ ಕರಗುತ್ತದೆ ಎಂದು ಆ ಒಳ್ಳೆಯ ಮನುಷ್ಯ ಯೋಚಿಸಿದರು. ಕಾರ್ಯಕ್ರಮ ನಡೆಸಲು ಔರಾದದಿಂದ ಬಂದಿದ್ದ ಒಬ್ಬ ಉಪನ್ಯಾಸಕರ ಕೈಗೆ ಹಳೇ ಪಟ್ಟಿಯನ್ನೇ ಕೊಟ್ಟರು.

ಎರಡು ಹೆಸರಾದವು, ಎರಡು ಶಾಲು ಬಿದ್ದವು. ಆಮೇಲೆ ಮೈಕಿನಲ್ಲಿ ಅವಳ ಹೆಸರು ಬಂತು. ಮಹಾಮಾಯಾ ಮಚ್ಛೇಂದ್ರ, ಎಂ.ಎಸ್ಸಿ. ರಸಾಯನಶಾಸ್ತ್ರ, ನಮ್ಮ ಓಣಿಯ ಹೆಮ್ಮೆ, ವೇದಿಕೆಗೆ ಬರಬೇಕು.

ಅವಳ ಕಾಲು ತಾನಾಗಿ ಎದ್ದೇಳಲು ಹೋಯಿತು. ಏಳಬೇಕೆಂದು ಅವಳಿಗೆ ಅನಿಸಿತು, ಸುಳ್ಳಲ್ಲ. ಆ ಮಾತುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಹತ್ತು ಹನ್ನೆರಡು ಫೋನುಗಳು ಮೇಲೆದ್ದು ವೇದಿಕೆಯ ಕಡೆ ತಿರುಗಿದ್ದವು. ಪ್ಯಾಕಿಂಗಿನಲ್ಲಿ ಔರಾದ ಕಡೆಯ ಆರು ಹುಡುಗಿಯರಿದ್ದರು. ಹೆಸರಿನದೇನು, ಮಹಾಮಾಯಾ ಎಂಬ ಹೆಸರಿನವರು ತಾಲೂಕಿನಲ್ಲಿ ಬೇಕಾದಷ್ಟು ಜನ, ಅವಳನ್ನು ಫ್ಯಾಕ್ಟರಿಯಲ್ಲಿ ಕರೆಯುವುದೂ ಬರೀ ಮಾಯಾ ಎಂದು. ಆದರೆ ಮುಖ ಒಂದೇ. ಶಾಲು ಹೊದ್ದ ಆ ಮುಖ ಕೊಳಾರ ಮುಟ್ಟಲು ಒಂದು ತಾಸು ಸಾಕು. ಪಕ್ಕದಲ್ಲಿದ್ದ ಶೇವಂತಾಬಾಯಿ ಮಗಳ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು.

ಎರಡನೇ ಸಲ ಕೂಗಿದರು. ಮುಂದಿನ ಸಾಲಿನವರು ಹೊರಳಿ ಅವಳನ್ನೇ ನೋಡಿದರು. ಪಕ್ಕದ ಮನೆಯ ಮುದುಕಿ ಏಳವ್ವ ಎಂದು ಮೆಲ್ಲಗೆ ನೂಕಿದಳು. ವೇದಿಕೆಯ ಮೇಲೆ ಸುಶೀಲಕುಮಾರ ಮಾಸ್ತರು ಶಾಲಿನ ಮಡಿಕೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಅವಳತ್ತಲೇ ನೋಡಿ ನಗುತ್ತಿದ್ದರು.

ಮೂರನೇ ಸಲ ಹೆಸರು ಬರುವ ಮೊದಲು ಹಿಂದಿನ ಸಾಲಿನಲ್ಲಿ ಮಚ್ಛೇಂದ್ರ ಎದ್ದು ನಿಂತ. ಮೈಕಿಲ್ಲದೆ, ಇಡೀ ಸಭೆಗೆ ಕೇಳುವ ಹಾಗೆ ಹೇಳಿದ.

“ಅಕಿ ಬಂದಿಲ್ಲರಿ. ಮುಂದಿನ ಹೆಸರು ಓದ್ರಿ.”

ಔರಾದದ ಉಪನ್ಯಾಸಕರೊಬ್ಬರನ್ನು ಬಿಟ್ಟರೆ ಅಲ್ಲಿದ್ದ ಪ್ರತಿಯೊಬ್ಬರಿಗೂ ಅವಳ ಗುರುತಿತ್ತು, ಅವಳು ಕಣ್ಣೆದುರೇ ಕೂತಿದ್ದಳು. ಮಚ್ಛೇಂದ್ರ ಸುಳ್ಳು ಹೇಳಿದ್ದನ್ನು ಆ ಓಣಿ ಅದುವರೆಗೆ ಕೇಳಿರಲಿಲ್ಲ. ಅವನು ಅದನ್ನು ಬಾಬಾಸಾಹೇಬರ ಫೋಟೊದ ಎದುರು, ತನ್ನ ಜನರ ಎದುರು, ಮಗಳ ಬೆನ್ನ ಹಿಂದೆ ನಿಂತು ಹೇಳಿದ್ದ. ಮಹಾಮಾಯಾ ಹೊರಳಿ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಕೂತಿರಲು ಆಗುತ್ತಿರಲಿಲ್ಲ.

ಮಾಸ್ತರು ಶಾಲನ್ನು ನಿಧಾನವಾಗಿ ಮಡಚಿ ಮೇಜಿನ ಮೇಲಿಟ್ಟರು. ಉಪನ್ಯಾಸಕರು ಪಟ್ಟಿಯಲ್ಲಿ ಒಂದು ಗೆರೆ ಎಳೆದು ಮುಂದಿನ ಹೆಸರು ಓದಿದರು. ವಿಶ್ವಾಸ, ಬಿ.ಇ. ಸಿವಿಲ್. ಬೀದರಿನಲ್ಲಿ ಮೊಬೈಲು ಅಂಗಡಿಯಲ್ಲಿ ಕೂಡುವ ಆ ಹುಡುಗ ಅಂಗಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ. ಮಂದಿ ಚಪ್ಪಾಳೆ ತಟ್ಟಿದರು. ಮಹಾಮಾಯಾ ಕೂಡ ತಟ್ಟಿದಳು.